ಗಣೇಶ ಚತುರ್ಥಿ ಆಗಸ್ಟ್‌ನಲ್ಲಿ ಬರುತ್ತಿದೆ, 2026ರ ಯುಗಾದಿ ಕಾಣಿಸುತ್ತಲೇ ಇಲ್ಲ: ಸ್ಕ್ರಿಪ್ಟ್ ಎಲ್ಲಿ ತಪ್ಪುತ್ತಿದೆ?

ಮೆಲ್ಬರ್ನ್‌ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಕನ್ನಡದ ಮನೆಗಳಿಗೆ ಅಂತ 2026ರ ಹಬ್ಬಗಳ ಕ್ಯಾಲೆಂಡರ್ ಫೈಲ್ ಮಾಡುತ್ತಿದ್ದೇನೆ. ಫೋನಿಗೆ ಹಾಕಿಕೊಂಡರೆ ಹಬ್ಬದ ಹಿಂದಿನ ದಿನ ತಾನಾಗಿಯೇ ನೆನಪಿಸಬೇಕು. ಪೈಥಾನ್‌ನಲ್ಲಿ, ಗ್ರಹಗಳ ಸ್ಥಾನ ಲೆಕ್ಕ ಹಾಕುವ ಸ್ವಿಸ್ ಎಫಿಮೆರಿಸ್ ಲೈಬ್ರರಿ ಹಾಕಿ ಬರೆದಿದ್ದೇನೆ. ಸೂರ್ಯೋದಯದ ಹೊತ್ತಿಗೆ ಚಂದ್ರನ ರೇಖಾಂಶದಿಂದ ಸೂರ್ಯನದ್ದನ್ನು ಕಳೆದು 12ರಿಂದ ಭಾಗಿಸಿ ತಿಥಿ ತೆಗೆಯುತ್ತೇನೆ. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ಯಾವ ರಾಶಿಗೆ ಹೋಗುತ್ತಾನೋ ಅದರಿಂದ ಮಾಸದ ಹೆಸರು. ಸದ್ಯಕ್ಕೆ ಬೆಂಗಳೂರಿನ ಲೆಕ್ಕದಲ್ಲೇ ಓಡಿಸಿ ನೋಡುತ್ತಿದ್ದೇನೆ.

ಗಣೇಶ ಚತುರ್ಥಿ ಆಗಸ್ಟ್ 16 ಅಂತ ಬರುತ್ತಿದೆ, ಊರಿನ ಕ್ಯಾಲೆಂಡರ್‌ನಲ್ಲಿ ಸೆಪ್ಟೆಂಬರ್ 14 ಇದೆ. ಜೂನ್ ಮಧ್ಯದಿಂದ ಆಚೆ ಎಲ್ಲ ಹಬ್ಬವೂ ಹೀಗೇ ಒಂದು ತಿಂಗಳು ಮುಂಚೆ. ಇನ್ನು ಯುಗಾದಿ ಅಂತೂ ಪಟ್ಟಿಯಲ್ಲೇ ಇಲ್ಲ. ಮಾರ್ಚ್ 19ರ ಬೆಳಗ್ಗೆ ಅಮಾವಾಸ್ಯೆ ತೋರಿಸುತ್ತದೆ, 20ರ ಬೆಳಗ್ಗೆ ನೇರವಾಗಿ ಬಿದಿಗೆ. ಪಾಡ್ಯ ಎಲ್ಲಿ ಹೋಯಿತು?

ತಿಥಿಲೆಕ್ಕ:

ಮೊದಲು ತಿಂಗಳಿನ ವಿಷಯ ನೋಡೋಣ. ನಿಮ್ಮ ಪಟ್ಟಿಯಲ್ಲಿ ಅಧಿಕ ಜ್ಯೇಷ್ಠ ಬಂದಿಲ್ಲ, ಅಲ್ವಾ? 2026ರಲ್ಲಿ ಮೇ 17ರಿಂದ ಜೂನ್ 15ರ ತನಕ ಅಧಿಕ ಮಾಸ. ಅದು ಬಿಟ್ಟುಹೋದರೆ ಅಲ್ಲಿಂದ ಮುಂದೆ ಎಲ್ಲವೂ ಒಂದು ತಿಂಗಳು ಹಿಂದಕ್ಕೆ ಸರಿಯುತ್ತದೆ.

ಕಾರಣ ಬಹುಶಃ ಇದು: ಸ್ವಿಸ್ ಎಫಿಮೆರಿಸ್ ಸುಮ್ನೆ ಕೇಳಿದರೆ ಸಾಯನ ರೇಖಾಂಶ (ವಸಂತ ವಿಷುವದಿಂದ ಎಣಿಸಿದ್ದು) ಕೊಡುತ್ತದೆ, ನಮ್ಮ ಮಾಸಕ್ಕೆ ಬೇಕಾದದ್ದು ನಿರಯಣ (ನಕ್ಷತ್ರಗಳನ್ನು ಹಿಡಿದು ಎಣಿಸಿದ್ದು). ಎರಡಕ್ಕೂ ಈಗ ಸುಮಾರು 24 ಡಿಗ್ರಿ ವ್ಯತ್ಯಾಸ (ಇದೇ ಅಯನಾಂಶ) ಇದೆ, ಅಂದರೆ ಸಂಕ್ರಮಣಗಳು (ಸೂರ್ಯ ಹೊಸ ರಾಶಿಗೆ ಹೋಗುವ ಕ್ಷಣಗಳು) ಮೂರು ವಾರಕ್ಕಿಂತ ಜಾಸ್ತಿ ಆಚೀಚೆ ಆಗುತ್ತವೆ. ತಿಥಿಯಲ್ಲಿ ಈ ತಪ್ಪು ಕಾಣಿಸುವುದೇ ಇಲ್ಲ, ಯಾಕೆಂದರೆ ಸೂರ್ಯ ಚಂದ್ರ ಇಬ್ಬರಿಂದಲೂ ಅದೇ ಅಯನಾಂಶ ಕಳೆದುಹೋಗುತ್ತದೆ. ಅದಕ್ಕೇ ತಿಥಿಗಳೆಲ್ಲ ಸರಿ ಬಂದು ತಿಂಗಳು ಮಾತ್ರ ಕೈಕೊಟ್ಟಿದೆ.

ನಿರಯಣದಲ್ಲಿ ನೋಡಿ: ವೃಷಭ ಸಂಕ್ರಮಣ ಮೇ 15ಕ್ಕೆ, ಅಮಾವಾಸ್ಯೆ ಮುಗಿಯುವುದು 16ರ ರಾತ್ರಿ ಕಳೆದು. ಮುಂದಿನ ಅಮಾವಾಸ್ಯೆ ಜೂನ್ 15ರ ಬೆಳಗ್ಗೆ ಎಂಟೂವರೆಯೊಳಗೆ ಮುಗಿಯುತ್ತದೆ, ಮಿಥುನ ಸಂಕ್ರಮಣ ಅದೇ ದಿನ ಮಧ್ಯಾಹ್ನ. ನಡುವೆ ಒಂದೂ ಸಂಕ್ರಮಣ ಇಲ್ಲ, ಹಾಗಾಗಿ ಅಧಿಕ. ಬರೀ ಕೆಲವೇ ಗಂಟೆಗಳ ಅಂತರ ನೋಡಿ, ಇಲ್ಲಿ ಅಯನಾಂಶ ಸ್ವಲ್ಪ ಅತ್ತಿತ್ತ ಆದರೂ ಅಧಿಕ ಮಾಸವೇ ಬೇರೆ ತಿಂಗಳಿಗೆ ಸರಿದುಬಿಡಬಹುದು! ಲಾಹಿರಿ ಅಯನಾಂಶ ಹಾಕಿ, ನಿರಯಣದ ಫ್ಲ್ಯಾಗ್ ಕೊಟ್ಟು ಮತ್ತೆ ಓಡಿಸಿ.

ಮೆಲ್ಬರ್ನ್‌ಕನ್ನಡಿಗ:

ತುಂಬಾ ಥ್ಯಾಂಕ್ಸ್ ಸರ್, ಅಧಿಕ ಜ್ಯೇಷ್ಠ ಬಂತು, ಹಬ್ಬಗಳೂ ಆಯಾ ತಿಂಗಳಿಗೆ ಬಂದು ಕೂತವು. ಆದರೆ ಗಣೇಶ ಚತುರ್ಥಿ ಸೆಪ್ಟೆಂಬರ್ 15 ತೋರಿಸುತ್ತಿದೆ, 14 ಅಲ್ಲ. ದೀಪಾವಳಿ ಅಮಾವಾಸ್ಯೆ ನವೆಂಬರ್ 9 ಅನ್ನುತ್ತದೆ, ಎಲ್ಲರೂ ಲಕ್ಷ್ಮೀಪೂಜೆ 8ಕ್ಕೆ ಅನ್ನುತ್ತಾರೆ. ಸೂರ್ಯೋದಯದ ಸಮಯ ಎರಡು ಮೂರು ಕಡೆ ತಾಳೆ ನೋಡಿದೆ, ಅದರಲ್ಲಿ ತಪ್ಪಿಲ್ಲ.

ಹಳೆಪಂಚಾಂಗ:

ಸೂರ್ಯೋದಯ ಸರಿ ಇದೆ, ಎಲ್ಲ ಹಬ್ಬಕ್ಕೂ ಅದನ್ನೇ ಕೇಳಬಾರದು ಅಷ್ಟೆ. ಉದಯ ತಿಥಿ ಒಂದೇ ನಿಯಮ ಅಂತ ಬಹಳ ಜನ ನಂಬಿದ್ದಾರೆ, ಈ ಗೊಂದಲ ಎಷ್ಟು ಕಡೆ ನೋಡಿದ್ದೇನೋ! ಪಂಚಾಂಗದಲ್ಲಿ ದಿನಕ್ಕೆ ತಿಥಿಯ ಹೆಸರು ಕೊಡುವುದು ಸೂರ್ಯೋದಯದ ತಿಥಿಯಿಂದ, ನಿಜ. ಹಬ್ಬದ ದಿನ ಗೊತ್ತುಮಾಡುವುದು ಆ ಪೂಜೆ ನಡೆಯಬೇಕಾದ ಹೊತ್ತಿನಲ್ಲಿ ತಿಥಿ ಇದೆಯೋ ಇಲ್ಲವೋ ಅನ್ನುವುದರಿಂದ. ಗಣೇಶನಿಗೆ ಮಧ್ಯಾಹ್ನ, ರಾಮನವಮಿಗೂ ಮಧ್ಯಾಹ್ನವೇ. ವಿಜಯದಶಮಿಗೆ ಅಪರಾಹ್ನ, ಅಂದರೆ ಮಧ್ಯಾಹ್ನ ಕಳೆದ ಮೇಲಿನ ಹೊತ್ತು. ಲಕ್ಷ್ಮೀಪೂಜೆಗೆ ಸೂರ್ಯ ಮುಳುಗಿದ ಮೇಲಿನ ಪ್ರದೋಷ. ಶಿವರಾತ್ರಿಗೆ ನಡುರಾತ್ರಿಯ ನಿಶೀಥ. ಯುಗಾದಿಗೆ ಮಾತ್ರ ಸೂರ್ಯೋದಯದ ಪಾಡ್ಯ.

ಮಧ್ಯಾಹ್ನ ಅಂದರೆ ಗಡಿಯಾರದ 12 ಗಂಟೆ ಅಲ್ಲ. ಹಗಲನ್ನು ಐದು ಸಮಪಾಲು ಮಾಡಿ, ಮೂರನೆಯ ಪಾಲು. ಸೆಪ್ಟೆಂಬರ್ 14ರಂದು ಬೆಂಗಳೂರಿನಲ್ಲಿ ಅದು ಸುಮಾರು 11ರಿಂದ 1:30ರ ತನಕ. ಚೌತಿ ಶುರುವಾಗುವುದು 14ರ ಬೆಳಗ್ಗೆ 7 ದಾಟಿದ ಮೇಲೆ, ಮುಗಿಯುವುದು 15ರ ಬೆಳಗ್ಗೆ 7:45ರೊಳಗೆ. 15ರ ಸೂರ್ಯೋದಯಕ್ಕೆ ಚೌತಿ ಇದೆ, ನಿಮ್ಮ ಸ್ಕ್ರಿಪ್ಟ್ ಹಿಡಿದದ್ದು ಅದನ್ನೇ. ಆದರೆ ಅವತ್ತು ಮಧ್ಯಾಹ್ನದ ಹೊತ್ತಿಗೆ ಆಗಲೇ ಪಂಚಮಿ. 14ರ ಮಧ್ಯಾಹ್ನ ಪೂರ್ತಿ ಚೌತಿ. ಹಾಗಾಗಿ 14. ಬೆಳಗ್ಗೆ ಸೂರ್ಯೋದಯಕ್ಕೆ ತದಿಗೆ ಇರುವುದರಿಂದ ಗೌರಿಯೂ ಅವತ್ತೇ ಬರುತ್ತಾಳೆ.

ದೀಪಾವಳಿಯೂ ಹೀಗೇ. ಅಮಾವಾಸ್ಯೆ ನವೆಂಬರ್ 8ರ ಹನ್ನೊಂದೂವರೆ ಹೊತ್ತಿಗೆ ಶುರು, 9ರ ಹನ್ನೆರಡೂವರೆಗೆ ಮುಗಿಯಿತು. ಸಂಜೆ ಅಮಾವಾಸ್ಯೆ ಸಿಗುವುದು 8ಕ್ಕೆ ಮಾತ್ರ.

ಕೋಡ್‌ನಲ್ಲಿ ಹಬ್ಬದ ಹೆಸರಿನ ಜೊತೆ ಮಾಸ, ಪಕ್ಷ, ತಿಥಿ ಅಲ್ಲದೆ ಕಾಲ ಅನ್ನುವ ಇನ್ನೊಂದು ಕಾಲಂ ಇಡಿ. ತಿಥಿಯ ಶುರು-ಕೊನೆ ಹುಡುಕಿ, ಆ ಕಾಲದ ಶುರು-ಕೊನೆಯ ಜೊತೆ ಹೋಲಿಸಿ.

ತಿಥಿಲೆಕ್ಕ:

ಯುಗಾದಿ ಮಾಯವಾದದ್ದಕ್ಕೆ ನಾನು ಹೇಳುತ್ತೇನೆ. ತಿಥಿ ಅಂದರೆ 24 ಗಂಟೆ ಅಲ್ಲ. ಚಂದ್ರ ಭೂಮಿಗೆ ಹತ್ತಿರ ಇದ್ದಾಗ ಬೇಗ ಓಡುತ್ತಾನೆ, ದೂರ ಇದ್ದಾಗ ನಿಧಾನ, ಅದಕ್ಕೇ ತಿಥಿ ಸುಮಾರು 19ರಿಂದ 26 ಗಂಟೆಯವರೆಗೆ ಎಷ್ಟಾದರೂ ಆಗಬಹುದು. ಮಾರ್ಚ್ 19ರಂದು ಬೆಂಗಳೂರಿನಲ್ಲಿ ಸೂರ್ಯೋದಯ 6:25ರ ಹೊತ್ತಿಗೆ. ಪಾಡ್ಯ ಶುರುವಾಗುವುದು 6:52ಕ್ಕೆ, ಮುಗಿಯುವುದು ಮರುದಿನ ಬೆಳಗಿನ ಜಾವ 4:52ಕ್ಕೆ. 22 ಗಂಟೆ ಇತ್ತು, ಆದರೆ ಒಂದು ಸೂರ್ಯೋದಯವನ್ನೂ ಮುಟ್ಟಲಿಲ್ಲ. ಇದೇ ಕ್ಷಯ ತಿಥಿ. ಇಂಥ ಸಂದರ್ಭದಲ್ಲಿ ಪಾಡ್ಯ ಶುರುವಾದ ದಿನವೇ ಯುಗಾದಿ, ಅಂದರೆ 19, ಗುರುವಾರ. ಕೋಡ್‌ನಲ್ಲಿ ಇದಕ್ಕೆ ಬೇರೆ ದಾರಿ ಬರೆಯದೆ ಗತಿಯಿಲ್ಲ.

ಮೆಲ್ಬರ್ನ್‌ಕನ್ನಡಿಗ:

ಬೆಂಗಳೂರಿಗೆ ಈಗ ಎಲ್ಲ ಸರಿ ಬಂತು. ಆಮೇಲೆ ಮೆಲ್ಬರ್ನ್‌ಗೆ ಓಡಿಸಿದೆ. ಯುಗಾದಿ ಮಾರ್ಚ್ 20 ಬಂತು, ಗಣೇಶನಿಗೆ 14, 15 ಎರಡೂ ದಿನ ಹೊಂದುತ್ತದೆ ಅನ್ನುತ್ತಿದೆ. ಇದು ನಿಜಾನಾ? ಅಮ್ಮ ಊರಿನಲ್ಲಿ 19ಕ್ಕೆ ಬೇವು ಬೆಲ್ಲ ಹಂಚಿರುತ್ತಾರೆ, ನಾವು 20ಕ್ಕಾ?

ಹಳೆಪಂಚಾಂಗ:

ನಿಜ. ತಿಥಿ ಬದಲಾಗುವ ಕ್ಷಣ ಲೋಕಕ್ಕೆಲ್ಲ ಒಂದೇ, ಸೂರ್ಯೋದಯ ಊರೂರಿಗೆ ಬೇರೆ. ನಿಮ್ಮ ಗಡಿಯಾರದಲ್ಲಿ ಪಾಡ್ಯ 19ರ ಮಧ್ಯಾಹ್ನ 12:20 ದಾಟಿ ಶುರು, 20ರ ಬೆಳಗ್ಗೆ 10:20 ದಾಟುವ ತನಕ ಇರುತ್ತದೆ. 20ರ ಸೂರ್ಯೋದಯಕ್ಕೆ ಪಾಡ್ಯ ಸಿಕ್ಕಿತು, ಅಲ್ಲಿ ಅದು ಕ್ಷಯವೇ ಅಲ್ಲ. ಶಾಸ್ತ್ರದ ಪ್ರಕಾರ ಮೆಲ್ಬರ್ನ್‌ಗೆ 20. ಊರಿನ ಜೊತೆಗೇ ಮಾಡುತ್ತೇವೆ ಅನ್ನುವ ಮನೆಗಳೂ ಇವೆ, ಅದಕ್ಕೆ ನಾನು ಬೇಡ ಅನ್ನುವುದಿಲ್ಲ. ಫೈಲ್‌ನ ಹೆಸರಿನಲ್ಲೇ ಯಾವ ಊರಿನ ಲೆಕ್ಕ ಅಂತ ಬರೆದುಬಿಡಿ.

ಗಣೇಶನದ್ದು ಸ್ವಲ್ಪ ಜಟಿಲ. ಚೌತಿ ಎರಡು ದಿನವೂ ಮಧ್ಯಾಹ್ನವನ್ನು ಅರೆಬರೆ ಮುಟ್ಟಿದರೆ ಮೊದಲ ದಿನ, ತದಿಗೆ ಕೂಡಿದ ಚೌತಿ, ಶ್ರೇಷ್ಠ ಅನ್ನುವುದು ಒಂದು ಮತ. ಯಾವ ದಿನ ಜಾಸ್ತಿ ಹೊತ್ತು ಇದೆಯೋ ಅದನ್ನು ಹಿಡಿಯಬೇಕು ಅನ್ನುವವರೂ ಇದ್ದಾರೆ. 2023 ನೆನಪಿದೆಯಾ? ಚೌತಿ ಸೆಪ್ಟೆಂಬರ್ 18ರ ಮಧ್ಯಾಹ್ನ 12:40ರ ಸುಮಾರಿಗೆ ಶುರುವಾಗಿ 19ರ 1:40ರ ಆಸುಪಾಸು ಮುಗಿದಿತ್ತು. ಬೆಂಗಳೂರಿನಲ್ಲಿ 18ಕ್ಕೇ ಗೌರಿ ಗಣೇಶ ಒಟ್ಟಿಗೆ, ಮುಂಬೈ ಪುಣೆಯಲ್ಲಿ 19ಕ್ಕೆ. ಎರಡಕ್ಕೂ ಆಧಾರ ಇತ್ತು, ಸುಮ್ನೆ ಜಗಳ ಆಯಿತು.

ಮೆಲ್ಬರ್ನ್‌ನಲ್ಲಿ ಈ ಸಲ 14ರ ಮಧ್ಯಾಹ್ನದಲ್ಲಿ ಚೌತಿ ಒಂದೂಮುಕ್ಕಾಲು ಗಂಟೆಗಿಂತ ಜಾಸ್ತಿ ಹೊತ್ತು ಸಿಗುತ್ತದೆ, 15ಕ್ಕೆ ಒಂದು ಗಂಟೆ ಚಿಲ್ಲರೆ. ಎರಡು ಮತಕ್ಕೂ 14 ಒಪ್ಪುತ್ತದೆ, ನಿಶ್ಚಿಂತೆಯಿಂದ ಹಾಕಿ. ಸಿಡ್ನಿಯವರು ಕೇಳಿದರೆ ಮಾತ್ರ ಬೇರೆಯೇ ಲೆಕ್ಕ ಮಾಡಬೇಕು, ಅಲ್ಲಿ ಎರಡು ದಿನದ ಹೊತ್ತೂ ಹೆಚ್ಚುಕಡಿಮೆ ಸಮ.

ತಿಥಿಲೆಕ್ಕ:

ಇನ್ನೆರಡು ಮಾತು. ಲೆಕ್ಕವೆಲ್ಲ ಯುಟಿಸಿಯಲ್ಲೇ (ಲೋಕಕ್ಕೆಲ್ಲ ಒಂದೇ ಆದ ಸಮಯ) ಮಾಡಿ, ತೋರಿಸುವಾಗ ಮಾತ್ರ ಸ್ಥಳೀಯ ಸಮಯಕ್ಕೆ ತಿರುಗಿಸಿ. ನಿಮ್ಮಲ್ಲಿ ಅಕ್ಟೋಬರ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಕೈಯಾರೆ ಹತ್ತು ಗಂಟೆ ಕೂಡಿಸಿದ್ದರೆ ದೀಪಾವಳಿಯ ಹೊತ್ತಿಗೆ ತಪ್ಪುತ್ತದೆ. ಆಮೇಲೆ ಏಕಾದಶಿ ಸೇರಿಸುವುದಾದರೆ ಸ್ಮಾರ್ತ, ವೈಷ್ಣವ ಅಂತ ಎರಡು ಬೇರೆ ಬೇರೆ ಸಾಲು ಇಡಿ. ವೈಷ್ಣವರು ಸೂರ್ಯೋದಯಕ್ಕೆ 96 ನಿಮಿಷ ಮುಂಚಿನ ಅರುಣೋದಯದಲ್ಲೇ ದಶಮಿ ಉಳಿದಿದೆಯಾ ನೋಡುತ್ತಾರೆ, ಉಳಿದಿದ್ದರೆ ಉಪವಾಸ ಮರುದಿನಕ್ಕೆ.