ಮನೆ ಬಳಕೆಗೆ ಮಿನಿ ಪಿಸಿ: ಎನ್100 ಸಾಕಾ, ರೈಜನ್‌ಗೇ ಹೋಗ್ಬೇಕಾ?

ಮೂಲೆಮೇಜು:

ಎಲ್ಲರಿಗೂ ನಮಸ್ಕಾರ. ನಮ್ಮನೇಲಿ ಒಂದು ಹಳೇ ಟವರ್ ಪಿಸಿ ಇದೆ, ನಾಲ್ಕನೇ ಜನರೇಶನ್ ಐ3, 8 ಜಿಬಿ ರ್ಯಾಮ್, ಹಾರ್ಡ್ ಡಿಸ್ಕಲ್ಲೇ ವಿಂಡೋಸ್ 10. ಇದಕ್ಕೆ 11 ಹಾಕೋಕಾಗಲ್ಲ ಅಂತ ಮೆಸೇಜ್ ಬರುತ್ತೆ, 10ರ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕೇ ಮುಗೀತು, ಅಪ್ಪ ಬ್ಯಾಂಕಿನ ಕೆಲಸ ಎಲ್ಲಾ ಇದ್ರಲ್ಲೇ ಮಾಡೋದ್ರಿಂದ ನಂಗೆ ಹಾಗೇ ಬಿಡೋಕೆ ಧೈರ್ಯ ಇಲ್ಲ. ಆನ್ ಮಾಡಿ ಬ್ರೌಸರ್ ತೆರೆಯೋಷ್ಟರಲ್ಲಿ ನಾಲ್ಕೈದು ನಿಮಿಷ ಆಗೋಗುತ್ತೆ, ಫ್ಯಾನಿನ ಸದ್ದು ಬೇರೆ.

ಲ್ಯಾಪ್‌ಟಾಪ್ ಬೇಡ ಅಂತ ಮನೇಲಿ ಎಲ್ಲರೂ ಒಪ್ಪಿದೀವಿ. ಅಪ್ಪಂಗೆ ದೊಡ್ಡ ಸ್ಕ್ರೀನ್ ಇದ್ರೇನೇ ಓದೋಕಾಗೋದು. ಅಲ್ದೆ ಇದು ಮೂರು ಜನ ಸೇರಿ ಬಳಸೋ ಯಂತ್ರ, ಒಂದು ಕಡೆ ಕೂತಿರಬೇಕು, ಯಾರೋ ಒಬ್ರು ರೂಮಿಗೆ ಎತ್ಕೊಂಡು ಹೋಗಿ ಇನ್ನೊಬ್ರು ಹುಡುಕೋ ಹಾಗಾಗಬಾರದು. ಮೇಜು ಚಿಕ್ಕದು, ಅದಕ್ಕೇ ಮಿನಿ ಪಿಸಿ.

ಕೆಲಸ ಅಂದ್ರೆ ಬ್ಯಾಂಕು, ಬಿಲ್ಲು, ಅಪ್ಪನ ಲೆಕ್ಕದ ಎಕ್ಸೆಲ್ ಶೀಟು, ಯೂಟ್ಯೂಬ್, ಅಕ್ಕನ ಜೊತೆ ವಿಡಿಯೋ ಕಾಲ್, ಮಗಳ ಆನ್‌ಲೈನ್ ಕ್ಲಾಸು, ಪ್ರಿಂಟು. ಸುಮಾರು 300 ಜಿಬಿ ಫೋಟೋ ಇದಾವೆ. ಗೇಮ್ ಯಾರೂ ಆಡಲ್ಲ. ಎಚ್‌ಡಿಎಂಐ ಇರೋ 24 ಇಂಚಿನ 1080ಪಿ ಮಾನಿಟರ್, ಕೀಬೋರ್ಡು, ಮೌಸು, ಯುಎಸ್‌ಬಿ ಪ್ರಿಂಟರ್ ಎಲ್ಲಾ ಇದೆ, ಡಬ್ಬಿ ಒಂದು ಬೇಕು ಅಷ್ಟೇ.

ಒಂದು ವಾರದಿಂದ ಹುಡುಕ್ತಾ ಇದೀನಿ, ಇಂಟೆಲ್‌ನ ಎನ್95, ಎನ್100, ಎನ್150, ಎಎಂಡಿಯ ರೈಜನ್ 5500ಯು, 5825ಯು, 7430ಯು ಅಂತ ಪ್ರೊಸೆಸರ್ ನಂಬರ್ ನೋಡಿ ನೋಡಿ ತಲೆ ಕೆಟ್ಟೋಗಿದೆ. ಎನ್100 ಸಾಕಾ? ರ್ಯಾಮ್ 8ಓ 16ಓ? ಆಫೀಸಲ್ಲಿ ಬಳಸಿ ಬಿಟ್ಟಿರೋ ರಿಫರ್ಬಿಶ್ಡ್ ತಗೋಬಹುದಾ? ದಯವಿಟ್ಟು ಬಳಸಿದವರು ಹೇಳಿ.

ತಂತಿಗಂಟು:

ನೀವು ಹೇಳಿದ ಕೆಲಸಕ್ಕೆ ಎನ್100 ಸಾಕು ಸರ್. ನಮ್ಮನೇಲಿ ಎರಡು ವರ್ಷದಿಂದ ದಿನಾ ಓಡ್ತಿದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿರೋದು.

ಎನ್100 ಬಂದಿದ್ದು 2023ರ ಶುರುವಲ್ಲಿ. ನಾಲ್ಕು ಕೋರು, ನಾಲ್ಕೂ ಇಂಟೆಲ್‌ನವರ ಚಿಕ್ಕ ಕೋರುಗಳೇ, 3.4 ಗಿಗಾಹರ್ಟ್ಸ್ ತನಕ ಹೋಗುತ್ತೆ. ಎನ್150 ಅದರದ್ದೇ ತಮ್ಮ, 3.6ಕ್ಕೆ ಹೋಗುತ್ತೆ, ಎರಡರಲ್ಲಿ ಯಾವುದು ಒಳ್ಳೇ ರೇಟಿಗೆ ಸಿಗುತ್ತೋ ಅದು ತಗೊಳ್ಳಿ. ಎನ್95 ಮಾತ್ರ ನಂಗಷ್ಟು ಇಷ್ಟ ಇಲ್ಲ, ಗ್ರಾಫಿಕ್ಸ್ ಕಡಿಮೆ, ಟಿಡಿಪಿ (ಚಿಪ್ಪು ಹೊರಹಾಕೋ ಬಿಸಿಯ ಲೆಕ್ಕ) ಎನ್100ಕ್ಕೆ 6 ವ್ಯಾಟ್ ಇದ್ರೆ ಇದಕ್ಕೆ 15. ಆದ್ರೆ ಆ 6 ವ್ಯಾಟ್ ಅನ್ನೋದು ಚಿಪ್ಪಿನ ಲೆಕ್ಕ, ಇಡೀ ಡಬ್ಬಿದಲ್ಲ. ನಮ್ಮನೇದು ಪ್ಲಗ್ ಹತ್ರ ಮೀಟರ್ ಇಟ್ಟು ನೋಡಿದಾಗ ಸುಮ್ನಿದ್ದಾಗ 7-8, ವಿಡಿಯೋ ಹಾಕಿದ್ರೆ 12-13 ತೋರಿಸ್ತು.

ರೈಜನ್ ನಂಬರ್ ನೋಡಿ ಮೋಸ ಹೋಗಬೇಡಿ. 5500ಯು ಒಳಗಿರೋದು ಝೆನ್ 2 ಅನ್ನೋ ಹಳೇ ವಿನ್ಯಾಸ, 5825ಯು ಅದರ ಮುಂದಿನ ಝೆನ್ 3, 7430ಯು ಅಂತ ಹೊಸ ನಂಬರ್ ಹಾಕಿರೋದೂ ಅದೇ ಝೆನ್ 3ಯೇ. ಹಾಗಂತ ಕೆಟ್ಟವಲ್ಲ, ಎನ್100ಗಿಂತ ಎಲ್ಲವೂ ಫಾಸ್ಟ್. ಆದ್ರೆ ಒಂದು ವಿಷಯ ಜನ ಗಮನಿಸಲ್ಲ, ಯೂಟ್ಯೂಬಲ್ಲಿ ಈಗ ಎಷ್ಟೋ ವಿಡಿಯೋ ಎವಿ1 ಅನ್ನೋ ಫಾರ್ಮ್ಯಾಟಲ್ಲಿ ಬರ್ತವೆ, ಅದನ್ನ ಬಿಡಿಸೋ ಹಾರ್ಡ್‌ವೇರ್ ಎನ್100ರಲ್ಲಿದೆ, ಈ ಮೂರು ರೈಜನ್‌ಗಳಲ್ಲೂ ಇಲ್ಲ. ಅವು ಪ್ರೊಸೆಸರ್ ಬಲದ ಮೇಲೇ ಬಿಡಿಸ್ತವೆ, ಆಗುತ್ತೆ, ಆದ್ರೆ ಫ್ಯಾನ್ ತಿರುಗುತ್ತೆ. ಫೋಟೋ ಎಡಿಟಿಂಗ್, ವಿಡಿಯೋ ಕಟ್ ಮಾಡೋದು ಅಂತೆಲ್ಲ ಇದ್ರೆ ಮಾತ್ರ ರೈಜನ್‌ಗೆ ಹೋಗಿ.

ರ್ಯಾಮ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ, 16 ತಗೊಳ್ಳಿ. ಬ್ರೌಸರಲ್ಲಿ ಹತ್ತು ಟ್ಯಾಬು, ಜೊತೆಗೊಂದು ವಿಡಿಯೋ ಕಾಲು ಅಂದ್ರೆ 8 ಜಿಬಿ ತುಂಬೇ ಹೋಗುತ್ತೆ. ಎನ್100ಗೆ ರ್ಯಾಮ್ ಜೊತೆ ಮಾತಾಡೋ ದಾರಿ (ಚಾನಲ್) ಒಂದೇ ಇರೋದ್ರಿಂದ ಸಾಮಾನ್ಯವಾಗಿ ಸ್ಲಾಟೂ ಒಂದೇ, ಆಮೇಲೆ ಇನ್ನೊಂದು 8 ಸೇರಿಸ್ತೀನಿ ಅಂದ್ರೆ ಜಾಗ ಇರಲ್ಲ, ಇದ್ದದ್ದು ತೆಗೆದು ದೊಡ್ಡದು ಹಾಕಬೇಕು. ಕೆಲವದರಲ್ಲಂತೂ ರ್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ತೆಗೆಯೋಕೇ ಬರಲ್ಲ.

ಸ್ಟೋರೇಜ್ ಇಎಂಎಂಸಿ (ಬೋರ್ಡಿಗೇ ಬೆಸೆದಿರೋ ನಿಧಾನದ ಮೆಮೊರಿ) ಅಂತಿದ್ರೆ ಅದರ ಕಡೆ ನೋಡಲೇಬೇಡಿ. ಎಂ.2 ಎಸ್‌ಎಸ್‌ಡಿ (ಬೋರ್ಡಿನ ಸ್ಲಾಟಿಗೆ ಸಿಗಿಸೋ ಚಿಕ್ಕ ಪಟ್ಟಿ, ತಿರುಗೋ ಡಿಸ್ಕ್ ಇಲ್ಲದ್ದು) ಇರಬೇಕು, 512 ಜಿಬಿ. ಅದ್ರಲ್ಲಿ ನಿಧಾನದ ಸಾಟಾ ಇದ್ರೂ ವೇಗದ ಎನ್‌ವಿಎಂಇ ಇದ್ರೂ ನಿಮ್ಮ ಕೆಲಸಕ್ಕೆ ವ್ಯತ್ಯಾಸ ಗೊತ್ತಾಗಲ್ಲ, ಹಾರ್ಡ್ ಡಿಸ್ಕಿಂದ ಬರ್ತಿರೋರಿಗೆ ಎರಡೂ ಒಂದೇ ಥರ ಖುಷಿ ಕೊಡುತ್ತೆ.

ಹಳೇದೇಬಂಗಾರ:

ನಾನು ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ನಾಲ್ಕೈದು ನಿಮಿಷದ ಕಾಯುವಿಕೆಗೆ ಕಾರಣ ಪ್ರೊಸೆಸರ್ ಅಲ್ಲ, ಹಾರ್ಡ್ ಡಿಸ್ಕು. ಅದೇ ಟವರಿಗೆ ಒಂದು ಸಾಟಾ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಇನ್‌ಸ್ಟಾಲ್ ಮಾಡಿ, ಸೆಕ್ಯುರಿಟಿ ಅಪ್‌ಡೇಟೂ ಬರುತ್ತೆ, ಮೆಷೀನೂ ಉಳಿಯುತ್ತೆ. ಹೊಸದು ತಗೊಳ್ಳೋ ಮುಂಚೆ ಪೆನ್‌ಡ್ರೈವಲ್ಲಿ ಮಿಂಟ್ ಹಾಕ್ಕೊಂಡು ಹಾಗೇ ಲೈವಾಗಿ ಓಡಿಸಿ ನೋಡಿ, ಹಾರ್ಡ್ ಡಿಸ್ಕ್ ಮುಟ್ಟೋದೇ ಬೇಡ. ಪ್ರಿಂಟರ್ ಸಿಗುತ್ತಾ ಇಲ್ವಾ ಅನ್ನೋದೂ ಅಲ್ಲೇ ಗೊತ್ತಾಗುತ್ತೆ. ಓಡೋ ಯಂತ್ರನ ಕಸಕ್ಕೆ ಹಾಕೋದು ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಮೂಲೆಮೇಜು:

ಬೇಜಾರೇನಿಲ್ಲ ಸರ್, ಸರಿಯಾದ ಮಾತೇ. ಮಿಂಟ್ ಲೈವ್ ನಿನ್ನೆ ರಾತ್ರಿನೇ ಹಾಕಿ ನೋಡ್ದೆ, ಪ್ರಿಂಟರ್ ತಾನೇ ಸಿಕ್ತು. ಆದ್ರೆ ಅಪ್ಪನ ಎಕ್ಸೆಲ್ ಶೀಟಲ್ಲಿ ಇಪ್ಪತ್ತು ವರ್ಷದ ಮ್ಯಾಕ್ರೋಗಳಿದಾವೆ (ತಾನೇ ಲೆಕ್ಕ ಮಾಡೋ ಚಿಕ್ಕ ಪ್ರೋಗ್ರಾಂಗಳು), ಮಿಂಟಿನ ಲಿಬ್ರೆ ಆಫೀಸಲ್ಲಿ ಅರ್ಧ ಕೆಲಸ ಮಾಡ್ಲಿಲ್ಲ. ಈ ವಯಸ್ಸಲ್ಲಿ ಅವರಿಗೆ ಅದನ್ನ ಬದಲಾಯಿಸಿ ಅನ್ನೋಕೆ ನಂಗೆ ಮನಸ್ಸಿಲ್ಲ. ಟವರ್ ಎಸೆಯಲ್ಲ, ಎಸ್‌ಎಸ್‌ಡಿ ಹಾಕಿ ಮಿಂಟಲ್ಲಿ ಮಗಳಿಗೆ ಕೊಡ್ತೀನಿ.

ಒಂದ್‌ಲೀಟರ್:

ರಿಫರ್ಬಿಶ್ಡ್ ಬಗ್ಗೆ ಕೇಳಿದ್ರಲ್ಲ, ನಾನು ಇಲ್ಲಿವರೆಗೂ ಐದಾರು ತಗೊಂಡಿದೀನಿ, ಗೆಳೆಯರ ಮನೆಗೂ ಹಾಕಿಕೊಟ್ಟಿದೀನಿ. ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಈ ಮೂರು ಮನೆತನದವು. ಸುಮಾರು ಒಂದು ಲೀಟರ್ ಗಾತ್ರ, ಒಂದು ದಪ್ಪ ಪುಸ್ತಕದಷ್ಟು. ಹೆಚ್ಚಿನದ್ರಲ್ಲಿ ರ್ಯಾಮ್ ಸ್ಲಾಟ್ ಎರಡಿರುತ್ತೆ, ಎಂ.2 ಜೊತೆ ಎರಡೂವರೆ ಇಂಚಿನ ಡಿಸ್ಕಿಗೂ ಜಾಗ ಇರುತ್ತೆ, ಬಿಚ್ಚೋದು ಸುಲಭ, ಸರ್ವಿಸ್ ಮ್ಯಾನ್ಯುಯಲ್ ಕಂಪನಿ ಸೈಟಲ್ಲೇ ಸಿಗುತ್ತೆ. ಕಟ್ಟಿರೋ ಗಟ್ಟಿತನ ನೋಡಿದ್ರೆ ನಂಗೆ ಇವೇ ಇಷ್ಟ.

ಆದ್ರೆ ಇಂಟೆಲ್ ಎಂಟನೇ ಜನರೇಶನ್‌ಗಿಂತ ಹಳೇದು ತಗೋಬೇಡಿ, ವಿಂಡೋಸ್ 11ಗೆ ಅದೇ ಗಡಿ. ಮಾರೋರು ಏಳನೇ ಜನರೇಶನ್‌ಗೂ ಹೆಂಗೋ 11 ಹಾಕಿ ಕೊಡ್ತಾರೆ, ನೀವು ಪ್ರೊಸೆಸರ್ ನಂಬರ್ ಕೇಳಿ, ಐ5-8500ಟಿ ಥರ 8ರಿಂದ ಶುರುವಾಗ್ಬೇಕು ಇಲ್ಲಾ 9, 10. ಕೊನೇ ಟಿ ಅಂದ್ರೆ 35 ವ್ಯಾಟಿನದು, ಬಿಸಿ ಕಡಿಮೆ. ಎವಿ1 ಇವುಗಳಲ್ಲೂ ಇಲ್ಲ, ಇಂಟೆಲ್‌ನಲ್ಲಿ ಅದು ಬಂದಿದ್ದು ಹನ್ನೊಂದನೇ ಜನರೇಶನ್ ಚಿಪ್ಪುಗಳಿಂದ.

ನಂಗೆ ಒಂದ್ಸಲ ಬಯೋಸ್ (ವಿಂಡೋಸ್‌ಗೂ ಮುಂಚೆ ಏಳೋ ಮೂಲ ಸೆಟ್ಟಿಂಗ್) ಪಾಸ್‌ವರ್ಡ್ ಲಾಕ್ ಆಗಿರೋ ಮೆಷೀನ್ ಬಂದಿತ್ತು, ಹಳೇ ಆಫೀಸಿನವರು ಹಾಕಿದ್ದು, ಮಾರಿದವರಿಗೂ ಗೊತ್ತಿರ್ಲಿಲ್ಲ, ವಾಪಸ್ ಕಳಿಸೋಕೆ ಮೂರು ವಾರ ಹಿಡೀತು. ಅದಕ್ಕೇ ಬಂದ ದಿನಾನೇ ಬಯೋಸ್ ಒಳಗೆ ಹೋಗೋಕಾಗುತ್ತಾ ನೋಡಿ. ಇನ್ನೊಂದು, ಆಫೀಸಲ್ಲಿ ತಂತಿ ಇಂಟರ್‌ನೆಟ್ ಇರೋದ್ರಿಂದ ಎಷ್ಟೋ ಪೀಸಲ್ಲಿ ವೈಫೈ ಕಾರ್ಡೇ ಇರಲ್ಲ. ಎಚ್‌ಡಿಎಂಐ ಬದಲು ಬರೀ ಡಿಸ್‌ಪ್ಲೇಪೋರ್ಟ್ ಇರೋದೂ ಉಂಟು, ಆಗ ಕೇಬಲ್ ಬೇರೆ ತಗೋಬೇಕು. ಅಡಾಪ್ಟರ್ ಅದರದ್ದೇ ಒರಿಜಿನಲ್ ಕೇಳಿ ಇಸ್ಕೊಳ್ಳಿ.

ಅಮ್ಮನಕಾಲ್:

ಎಲ್ಲರೂ ಪ್ರೊಸೆಸರ್ ಬಗ್ಗೆನೇ ಮಾತಾಡ್ತಿದೀರಿ, ಅವರು ವಿಡಿಯೋ ಕಾಲ್ ಅಂದಿದ್ದು ಯಾರಿಗೂ ಕಾಣಿಸ್ಲಿಲ್ವಾ? ಮಿನಿ ಪಿಸಿಲಿ ಕ್ಯಾಮೆರಾ ಇರಲ್ಲ, ಮೈಕ್ ಇರಲ್ಲ, ಹೆಚ್ಚಿನವುಗಳಲ್ಲಿ ಸ್ಪೀಕರೂ ಇರಲ್ಲ. ಅಮ್ಮಂಗೆ ಅಂತ ತಗೊಂಡು ಹೋಗಿ ಇಟ್ಟ ದಿನ ನಂಗೆ ಇದು ಹೊಳೆದೇ ಇರ್ಲಿಲ್ಲ, ಅಮ್ಮ ಅಷ್ಟು ಆಸೆಯಿಂದ ಕೂತ್ಕೊಂಡ್ರು, ಈ ಕಡೆಯಿಂದ ನಾವು ಕೂಗ್ತಾನೇ ಇದೀವಿ, ಅವರಿಗೆ ನಮ್ಮ ಮುಖ ಕಾಣುತ್ತೆ, ದನಿ ಇಲ್ಲ. ಅವತ್ತಿನ ಅವರ ಮುಖ ನಂಗೆ ಇನ್ನೂ ಮರೆಯೋಕಾಗಿಲ್ಲ. ಮಾನಿಟರಿಗೆ ಸ್ಪೀಕರ್ ಇದ್ರೆ ಎಚ್‌ಡಿಎಂಐ ಮೂಲಕ ಸೌಂಡ್ ಬರುತ್ತೆ, ಇಲ್ದಿದ್ರೆ ಸ್ಪೀಕರ್ ಬೇಕು. ಮೈಕ್ ಇರೋ ಯುಎಸ್‌ಬಿ ವೆಬ್‌ಕ್ಯಾಮ್ ಒಂದು ಬೇಕೇ ಬೇಕು.

ಆಮೇಲೆ ಯುಎಸ್‌ಬಿ ಎಣಿಸ್ಕೊಳ್ಳಿ. ಕೀಬೋರ್ಡು, ಮೌಸು, ಪ್ರಿಂಟರು, ಕ್ಯಾಮೆರಾ, ಫೋಟೋ ಬ್ಯಾಕಪ್ ಡಿಸ್ಕು, ಅಲ್ಲಿಗೇ ಐದಾಯ್ತು. ಸುಮಾರು ಚಿಕ್ಕ ಡಬ್ಬಿಗಳಲ್ಲಿ ನಾಲ್ಕೇ ಇರ್ತವೆ.

ಮಾನಿಟರ್ ಹಿಂದೆ ಸಿಗಿಸೋ ಪ್ಲೇಟ್ ಕೊಡ್ತಾರೆ, ಮೇಜೆಲ್ಲಾ ಖಾಲಿ ಆಗುತ್ತೆ, ನಿಜ, ನಿಮ್ಮ ಮಾನಿಟರ್ ಹಿಂದೆ 75 ಅಥವಾ 100 ಮಿಲಿಮೀಟರ್ ಅಂತರದಲ್ಲಿ ನಾಲ್ಕು ತೂತಿರಬೇಕು. ಆದ್ರೆ ಪವರ್ ಬಟನ್ನೂ ಹಿಂದಕ್ಕೆ ಹೋಗುತ್ತೆ, ವಯಸ್ಸಾದವರು ತಡಕಾಡ್ತಾರೆ. ಬಯೋಸಲ್ಲಿ ಕರೆಂಟ್ ಬಂದ ಕೂಡ್ಲೇ ತಾನೇ ಆನ್ ಆಗೋ ಸೆಟ್ಟಿಂಗ್ ಇದ್ರೆ ಹಾಕಿಬಿಡಿ, ಗೋಡೆ ಸ್ವಿಚ್ ಹಾಕಿದ್ರೆ ಸಾಕು. ಬಂದ್ ಮಾಡೋವಾಗ ಮಾತ್ರ ಮೊದಲು ಶಟ್‌ಡೌನ್ ಕೊಟ್ಟು ಆಮೇಲೆ ಸ್ವಿಚ್ ತೆಗೀಬೇಕು, ಅದನ್ನ ಒಂದು ಚೀಟೀಲಿ ಬರೆದು ಅಂಟಿಸಿ. ಲ್ಯಾಪ್‌ಟಾಪ್ ಥರ ಒಳಗೆ ಬ್ಯಾಟರಿ ಇಲ್ಲ, ಕರೆಂಟ್ ಹೋದ್ರೆ ತಕ್ಷಣ ಆಫ್, ಚಿಕ್ಕ ಯುಪಿಎಸ್ ಇದ್ರೆ ಒಳ್ಳೇದು.

ಬೀಗದಕೈ:

ಅಪ್ಪ ಬ್ಯಾಂಕ್ ಕೆಲಸ ಮಾಡ್ತಾರೆ ಅಂದ್ರಲ್ಲ, ಅದಕ್ಕೇ ಬರೀತಿದೀನಿ. ಹೆಸರು ಕೇಳಿರದ ಬ್ರ್ಯಾಂಡಿನ ಡಬ್ಬಿ ತಗೊಂಡ್ರೆ ಅದರಲ್ಲಿ ಬಂದಿರೋ ವಿಂಡೋಸನ್ನ ಹಾಗೇ ಬಳಸಬೇಡಿ. ಫ್ಯಾಕ್ಟರಿಯಿಂದಲೇ ಪಾಸ್‌ವರ್ಡ್ ಕದಿಯೋ ಮಾಲ್ವೇರ್ ಸಮೇತ ಬಂದ ಮಿನಿ ಪಿಸಿಗಳು 2024ರಲ್ಲಿ ಬಯಲಿಗೆ ಬಂದವು. ಮೈಕ್ರೋಸಾಫ್ಟ್ ಸೈಟಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸ್ಕೊಂಡು ಅದರಿಂದ ವಿಂಡೋಸನ್ನ 8 ಜಿಬಿ ಪೆನ್‌ಡ್ರೈವಿಗೆ ಹಾಕಿ, ಡಿಸ್ಕಲ್ಲಿರೋ ಪಾರ್ಟಿಷನ್ ಎಲ್ಲಾ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಲೈಸೆನ್ಸ್ ಸರಿಯಾದ್ದಿದ್ರೆ ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತೆ. ಆಗ್ಲಿಲ್ಲ ಅಂದ್ರೆ ವಾಪಸ್ ಕೊಡೋ ಗಡುವು ಮುಗಿಯೋದ್ರೊಳಗೆ ಮಾರಿದವರನ್ನ ಹಿಡ್ಕೊಳ್ಳಿ. ಅಳಿಸೋ ಮುಂಚೆ ವೈಫೈ, ಲ್ಯಾನ್ ಡ್ರೈವರ್ ಇನ್ನೊಂದು ಪೆನ್‌ಡ್ರೈವಲ್ಲಿ ತೆಗೆದಿಟ್ಕೊಳ್ಳಿ, ನೆಟ್ಟೇ ಇಲ್ದೆ ಅರ್ಧದಾರೀಲಿ ನಿಲ್ಲೋ ಹಾಗಾಗಬಾರದು.

ತಂತಿಗಂಟು:

ಬೀಗದಕೈ ಹೇಳಿದ್ದು ನೂರಕ್ಕೆ ನೂರು. ನಾನು ಅದನ್ನ ಮೊದಲೇ ಬರೀಬೇಕಿತ್ತು.

ಸೇಬುಹಣ್ಣು:

ಆಪಲ್‌ನ ಮ್ಯಾಕ್ ಮಿನಿ ಯಾರೂ ಹೇಳಿಲ್ಲ ಅಂತ ಒಂದು ಮಾತು. 2024ರ ಎಂ4 ಮಾಡೆಲ್ 12.7 ಸೆಂಟಿಮೀಟರ್ ಚೌಕದ್ದು, ಶುರುವಿನ ಮಾಡೆಲಲ್ಲೇ 16 ಜಿಬಿ ಇದೆ, ಒಳಗೊಂದು ಸ್ಪೀಕರೂ ಇದೆ, ಸದ್ದಂತೂ ಕೇಳಿಸೋದೇ ಇಲ್ಲ. ನಾನು ಬಳಸ್ತೀನಿ, ತುಂಬಾ ಪ್ರೀತಿ. ಆದ್ರೂ ನಿಮಗೆ ಬೇಡ ಅಂತೀನಿ. ಇರೋ ಅಷ್ಟೂ ಯುಎಸ್‌ಬಿ ಸಿ ಥರದ್ದೇ, ನಿಮ್ಮ ಹಳೇ ಕೀಬೋರ್ಡು ಪ್ರಿಂಟರ್‌ಗೆಲ್ಲಾ ಹಬ್ ಬೇಕು, ಪವರ್ ಬಟನ್ ಅಡಿಯಲ್ಲಿದೆ, ರ್ಯಾಮ್ ಆಮೇಲೆ ಹೆಚ್ಚಿಸೋಕಾಗಲ್ಲ, ಅಪ್ಪನ ಮ್ಯಾಕ್ರೋ ಮ್ಯಾಕ್ ಎಕ್ಸೆಲಲ್ಲಿ ಎಲ್ಲಾ ಓಡುತ್ತೆ ಅಂತ ಹೇಳೋಕಾಗಲ್ಲ.

ಮೂಲೆಮೇಜು:

ಮೂರು ವಾರ ಆದ್ಮೇಲೆ ಬರೀತಿದೀನಿ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಕೊನೆಗೆ ಎನ್100ರದ್ದೇ ತಗೊಂಡೆ, 16 ಜಿಬಿ, 512 ಎಸ್‌ಎಸ್‌ಡಿ, ಯುಎಸ್‌ಬಿ ಆರು ಇರೋದನ್ನೇ ಹುಡುಕಿ. ಬಂದ ದಿನಾನೇ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕ್ದೆ, ವೈಫೈ ಡ್ರೈವರ್ ಪೆನ್‌ಡ್ರೈವಲ್ಲಿ ಇಟ್ಕೊಂಡಿದ್ದು ಉಪಯೋಗಕ್ಕೆ ಬಂತು, ಇಲ್ದಿದ್ರೆ ಅಲ್ಲೇ ಸಿಕ್ಕಿಬೀಳ್ತಿದ್ದೆ. ಆಕ್ಟಿವೇಟ್ ತಾನೇ ಆಯ್ತು. ಈಗ ಸ್ವಿಚ್ ಹಾಕಿ ಅಪ್ಪ ಕನ್ನಡಕ ಒರೆಸ್ಕೊಳ್ಳೋಷ್ಟರಲ್ಲಿ ಡೆಸ್ಕ್‌ಟಾಪ್ ಬಂದಿರುತ್ತೆ. ಎಕ್ಸೆಲ್ ಶೀಟು ಮ್ಯಾಕ್ರೋ ಸಮೇತ ಓಡ್ತಿದೆ. ವೆಬ್‌ಕ್ಯಾಮ್ ತಗೊಂಡು ಅಕ್ಕನ ಜೊತೆ ಒಂದೂವರೆ ಗಂಟೆ ಮಾತಾಡಿದ್ರು. ಫೋಟೋ ಎಲ್ಲಾ ಒಳಗೊಂದು ಕಾಪಿ, ಹೊರಗಿನ ಡಿಸ್ಕಲ್ಲಿ ಒಂದು ಕಾಪಿ.

ಒಂದೇ ತೊಂದರೆ, ಇದಕ್ಕಂತ ವೈರ್‌ಲೆಸ್ ಮೌಸ್ ಹೊಸದಾಗಿ ತಗೊಂಡೆ, ಹೊರಗಿನ ಡಿಸ್ಕ್ ಹಾಕಿದಾಗಲೆಲ್ಲ ಅದು ತಡವರಿಸುತ್ತೆ, ತೆಗೆದ್ರೆ ಸರಿ ಹೋಗುತ್ತೆ. ಮೌಸೇ ಕೆಟ್ಟದ್ದಾ?

ತಂತಿಗಂಟು:

ಮೌಸ್ ಚೆನ್ನಾಗೇ ಇದೆ. ಯುಎಸ್‌ಬಿ 3 ಡಿಸ್ಕು ಓಡುವಾಗ ಅದರ ಪೋರ್ಟು, ಕೇಬಲ್ ಸುತ್ತ 2.4 ಗಿಗಾಹರ್ಟ್ಸ್ ಹತ್ರ ರೇಡಿಯೋ ಗದ್ದಲ ಹುಟ್ಟುತ್ತೆ, ಮೌಸಿನ ರಿಸೀವರೂ ಅದೇ ಅಲೆಯಲ್ಲೇ ಮಾತಾಡೋದು, ಡಬ್ಬಿ ಚಿಕ್ಕದಾದ್ರಿಂದ ಎರಡೂ ಪಕ್ಕಪಕ್ಕ ಕೂತಿರ್ತವೆ. ರಿಸೀವರನ್ನ ಇನ್ನೊಂದು ಬದಿಯ ಯುಎಸ್‌ಬಿ 2 ಪೋರ್ಟಿಗೆ ಹಾಕಿ, ಇಲ್ಲಾ ಒಂದು ಗಿಡ್ಡ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲಲ್ಲಿ ಡಿಸ್ಕಿಂದ ದೂರ ಇಡಿ.

ಮೂಲೆಮೇಜು:

ಹಿಂದಿನ ಪೋರ್ಟಿಂದ ಮುಂದಕ್ಕೆ ಹಾಕ್ದೆ ಸರ್, ಸರಿ ಹೋಯ್ತು.