ಫೈಬರ್ ಸ್ಪ್ಲೈಸ್ ಮಷಿನ್ ಹೇಳೋದು 0.02 ಡಿಬಿ, ಮನೆಗಳಲ್ಲಿ ಮಾತ್ರ ಕೆಂಪು ದೀಪ: ಎಲ್ಲಿ ಎಡವಿದೆ?

ಕೋಟೆನಾಡು ಕೇಬಲ್, ಚಿತ್ರದುರ್ಗ:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ತಲೆ ಕೆಟ್ಟಿದೆ. ಗೊತ್ತಿರುವವರು ದಾರಿ ತೋರಿಸಿ.

ಭರಮಸಾಗರದ ಕಡೆ ಒಂದು ಹಳ್ಳಿಗೆ ನಮ್ಮ 12 ಕೋರ್ (ಗಾಜಿನ ಎಳೆ) ಫೈಬರ್ ಕೇಬಲ್ ಕಂಬದ ಮೇಲೆ ಹೋಗಿದೆ. ಸೋಮವಾರ ಹುಲ್ಲು ಹೇರಿಕೊಂಡು ಬಂದ ಟ್ರ್ಯಾಕ್ಟರ್ ಅದನ್ನು ಕಿತ್ತುಕೊಂಡು ಹೋಯಿತು. ಪುಣ್ಯಕ್ಕೆ ಪಕ್ಕದ ಕಂಬದಲ್ಲಿ ಲೂಪ್ ಸುತ್ತಿಟ್ಟಿದ್ದೆವು. ಅದನ್ನೇ ಎಳೆದುಕೊಂಡು ಒಂದೇ ಜಾಯಿಂಟ್ ಬಾಕ್ಸ್‌ನಲ್ಲಿ ಮುಗಿಸಿದೆ. ಎಳೆಗಳ ತುದಿ ಬೆಸೆಯೋ ಸ್ಪ್ಲೈಸ್ ಮಷಿನ್ ಎಲ್ಲ ಕೋರ್‌ಗೂ ಲಾಸ್ (ಬೆಳಕಿನ ನಷ್ಟ) 0.01, 0.02 ಡಿಬಿ ಅಂತಲೇ ತೋರಿಸಿತು.

ಸದ್ಯ ನೀಲಿ ಮತ್ತು ಕಿತ್ತಳೆ ಕೋರ್‌ನಲ್ಲಿ ಮಾತ್ರ ಜಿಪಾನ್ (ಮನೆಗಳ ಫೈಬರ್ ಲೈನ್) ಓಡುತ್ತಿದೆ. ಕಿತ್ತಳೆಯ ಮನೆಗಳು ಆರಾಮಾಗಿವೆ. ನೀಲಿಯ ಕೊನೆಯ ಓಣಿಯಲ್ಲಿ ಮೊದಲು ಪವರ್ ಮೈನಸ್ 24.5 ಡಿಬಿಎಂ ಬರುತ್ತಿತ್ತು (ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ). ಸ್ಪ್ಲೈಸ್ ಆದ ಮೇಲೆ ಮೈನಸ್ 26 ಆಯಿತು. ಸರಿ ಹೋಗಲಿ ಅಂತ ಎರಡು ಸಲ ಕತ್ತರಿಸಿ ಮತ್ತೆ ಸೇರಿಸಿದೆ. ಈಗ ಮೈನಸ್ 27.8! ಮನೆಯ ಫೈಬರ್ ಪೆಟ್ಟಿಗೆ, ಅಂದರೆ ಓಎನ್‌ಯು, ಕೆಂಪು ದೀಪ ಮಿಟುಕಿಸುತ್ತಾ ಕೂತಿದೆ. ಓಟಿಡಿಆರ್‌ನಲ್ಲಿ (ಎಷ್ಟು ದೂರದಲ್ಲಿ ಎಷ್ಟು ಲಾಸ್ ಅಂತ ತೋರಿಸೋ ಮೀಟರ್) 1310 ನ್ಯಾನೋಮೀಟರ್ ಬೆಳಕು ಹಾಕಿ ನೋಡಿದರೆ 2.1 ಕಿಲೋಮೀಟರ್‌ನಲ್ಲಿ ಆ ಜಾಯಿಂಟ್ 0.4 ಡಿಬಿ ಅಷ್ಟೇ. ಉಳಿದ ಮೂರು ಡಿಬಿ ಎಲ್ಲಿಗೆ ಹೋಯಿತು?

ಹಿರಿಯೂರು ಹುಡುಗ:

ಅಣ್ಣ, ನಿಮ್ಮೂರ ಗಾಳಿ ಗೊತ್ತಲ್ಲ, ಕಂಬದ ಕೆಳಗೆ ಕೂತು ಸ್ಪ್ಲೈಸ್ ಮಾಡಿದರೆ ಧೂಳು ಮಷಿನ್‌ನಲ್ಲಿ ಕೋರ್ ಕೂರೋ ವಿ-ಗ್ರೂವ್‌ಗೆ ಹೋಗುತ್ತೆ. ಎಲೆಕ್ಟ್ರೋಡ್ ಒರೆಸಿ, ಆರ್ಕ್ ಕ್ಯಾಲಿಬ್ರೇಷನ್ ಮಾಡಿ, ಕೋರ್ ಕತ್ತರಿಸೋ ಕ್ಲೀವರ್‌ನ ಬ್ಲೇಡ್ ಒಂದು ನಂಬರ್ ತಿರುಗಿಸಿ. ಮತ್ತೆ ಸ್ಪ್ಲೈಸ್ ಹಾಕಿ.

ಪಿಬಿ ರಸ್ತೆ ಸ್ಪ್ಲೈಸರ್, ದಾವಣಗೆರೆ:

ತಮ್ಮಾ, ಇನ್ನೊಂದು ಸಲ ಕತ್ತರಿಸಬೇಡ. ಹಿರಿಯೂರಿನವರು ಹೇಳಿದ್ದು ತಪ್ಪಲ್ಲ, ಆದರೆ ಇಲ್ಲಿನ ಕಾಯಿಲೆ ಅದಲ್ಲ ಅನ್ನಿಸುತ್ತೆ. ಸ್ಪ್ಲೈಸ್ ಕೆಟ್ಟಿದ್ದರೆ 1310ರಲ್ಲೂ 1490ರಲ್ಲೂ ಹೆಚ್ಚು ಕಮ್ಮಿ ಒಂದೇ ಲಾಸ್ ಬರಬೇಕು. ನಿನ್ನದು ಹಾಗಿಲ್ಲ.

ಮನೆಗೆ ಹೋಗುವ ಬೆಳಕು 1490 ನ್ಯಾನೋಮೀಟರ್. ಮನೆಯಿಂದ ವಾಪಸ್ ಬರೋದು 1310. ಓಎಲ್‌ಟಿಗೆ (ಆಫೀಸಿನಲ್ಲಿರೋ ಮುಖ್ಯ ಪೆಟ್ಟಿಗೆ) ಲಾಗಿನ್ ಆಗಿ ಆ ಓಣಿಯ ಓಎನ್‌ಯುಗಳಿಂದ ಎಷ್ಟು ಪವರ್ ಬರುತ್ತಿದೆ ನೋಡು. ಅದು ಮೊದಲಿನಷ್ಟೇ ಇದ್ದು ಮನೆಯಲ್ಲಿ ಮಾತ್ರ ಬಿದ್ದಿದ್ದರೆ, ಕೋರ್ ಎಲ್ಲೋ ಬಿಗಿಯಾಗಿ ಬಗ್ಗಿದೆ ಅಂತಲೇ ತಿಳಿ. ಬೆಂಡ್ 1310ನ್ನು ಹೆಚ್ಚು ತಡೆಯಲ್ಲ. 1490ನ್ನು ತಡೆಯುತ್ತೆ, 1550ನ್ನು ಇನ್ನೂ ಜಾಸ್ತಿ. ಆಮೇಲೆ ಓಎಲ್‌ಟಿ ಕಡೆಯ ಪ್ಯಾಚ್ ಕಾರ್ಡ್ ಬಿಚ್ಚಿ ಅದೇ ಕೋರ್‌ಗೆ 1550ರಲ್ಲಿ ಓಟಿಡಿಆರ್ ಹಾಕು.

ಮಷಿನ್ ತೋರಿಸೋ 0.02 ಬರೀ ಅಂದಾಜು. ಎರಡು ತುದಿ ಹೇಗೆ ಕೂಡಿವೆ ಅಂತ ಕ್ಯಾಮೆರಾದಲ್ಲಿ ನೋಡಿ ಲೆಕ್ಕ ಹಾಕುತ್ತೆ. ಆಮೇಲೆ ನೀನು ಬಾಕ್ಸ್ ಒಳಗಿನ ಟ್ರೇಯಲ್ಲಿ ಕೋರನ್ನು ಹೇಗೆ ಸುತ್ತಿದೆ ಅನ್ನೋದು ಅದಕ್ಕೇನು ಗೊತ್ತು?

ಕೋಟೆನಾಡು ಕೇಬಲ್:

ಅಣ್ಣಾ, ಓಎಲ್‌ಟಿಯಲ್ಲಿ ನೋಡಿದೆ. ಬರುವ ಪವರ್‌ನಲ್ಲಿ ಅರ್ಧ ಡಿಬಿಯೂ ವ್ಯತ್ಯಾಸ ಇಲ್ಲ! 1550ರಲ್ಲಿ ಅದೇ ಜಾಯಿಂಟ್ 5 ಡಿಬಿ ತೋರಿಸುತ್ತಿದೆ. ಆದರೆ ಎರಡು ಸಲ ಹೊಸದಾಗಿ ಹಾಕಿದರೂ ಕಮ್ಮಿ ಆಗದೆ ಜಾಸ್ತಿ ಆಗಿದ್ದು ಯಾಕೆ?

ಪಿಬಿ ರಸ್ತೆ ಸ್ಪ್ಲೈಸರ್:

ಅಲ್ಲೇ ಇರೋದು ಗುಟ್ಟು. ಪ್ರತಿ ಸಲ ಕತ್ತರಿಸಿದಾಗ ಕೋರ್ ಒಂದಿಷ್ಟು ಗಿಡ್ಡ ಆಯಿತು, ಅಲ್ವಾ? ಜಾಯಿಂಟ್ ಮೇಲಿನ ಸ್ಲೀವ್ (ಕಾಪಾಡೋ ಕೊಳವೆ) ಮಾತ್ರ ಅದೇ ಜಾಗದಲ್ಲಿ ಕೂರಬೇಕು. ಹಾಗಾಗಿ ಕೋರ್ ಟ್ರೇಯ ಮೂಲೆಯನ್ನು ಒತ್ತಿಕೊಂಡು ಹಾದುಹೋಗುತ್ತೆ. ಲಾಸ್ ಏರುತ್ತಾ ಹೋಗೋದು ಅದಕ್ಕೇ. ಕಂಬದ ಮೇಲಿನ ಕೇಬಲ್ ಬಹುಶಃ ಜಿ.652ಡಿ ಅನ್ನೋ ಮಾಮೂಲಿ ಫೈಬರ್ ಇರುತ್ತೆ. ಅದಕ್ಕೆ 30 ಮಿಲಿಮೀಟರ್ ರೇಡಿಯಸ್‌ಗಿಂತ ಚಿಕ್ಕ ಸುತ್ತು ಬೇಡ. ಕಣ್ಣಳತೆಗೆ ಹೇಳಬೇಕಂದ್ರೆ, ನೀರಿನ ಸ್ಟೀಲ್ ಲೋಟದ ಬಾಯಿಗಿಂತ ಚಿಕ್ಕದಾಗಿ ಸುತ್ತಬೇಡ. ಮನೆಗೆ ಎಳೆಯೋ ಜಿ.657 ಡ್ರಾಪ್ ಕೇಬಲ್ ಬಿಗಿ ಸುತ್ತು ತಡೆಯುತ್ತೆ. ದಿನಾ ಅದನ್ನೇ ಹಿಡಿದವರ ಕೈ ಇದನ್ನೂ ಹಾಗೇ ಸುತ್ತಿಬಿಡುತ್ತೆ. ನಾನೂ ಸುತ್ತಿದ್ದೇನೆ, ಬೈಸಿಕೊಂಡಿದ್ದೇನೆ.

ಸಂಜೆ ಕತ್ತಲಾಗುವಾಗ ಬಾಕ್ಸ್ ತೆಗಿ. ಓಎಲ್‌ಟಿ ಕಡೆಯಿಂದ ನೀಲಿಗೆ ಕೆಂಪು ಲೇಸರ್ ಪೆನ್ ಹಾಕಿಸು. ಬೆಂಡ್ ಇರೋ ಜಾಗ ತಾನೇ ಹೊಳೆಯುತ್ತೆ. ಹೊಳೆಯೋದನ್ನು ಪಕ್ಕದಿಂದ ನೋಡು, ಕೋರ್ ತುದಿಯನ್ನು ಕಣ್ಣಿಗೆ ನೇರ ಹಿಡಿಯಬೇಡ.

ಹಿರಿಯೂರು ಹುಡುಗ:

ಹೋಗೋ ಪವರ್, ಬರೋ ಪವರ್ ಎರಡನ್ನೂ ಹೋಲಿಸಿ ನೋಡೋದು ಹೊಳೆದೇ ಇರಲಿಲ್ಲ. ಇಷ್ಟು ದಿನ ಸುಮ್ನೆ ಎಲೆಕ್ಟ್ರೋಡ್ ಒರೆಸ್ತಾ ಕೂತಿದ್ದೆ.

ಕೋಟೆನಾಡು ಕೇಬಲ್:

ಸಿಕ್ಕಿತು ಅಣ್ಣಾ! ಆರೂವರೆಗೆ ಏಣಿ ಹತ್ತಿದೆ. ಹುಡುಗ ಆಫೀಸಿನಲ್ಲಿ ಪೆನ್ ಹಾಕಿದ. ಟ್ರೇ ಮುಚ್ಚಳ ತೆಗೆದ ಕೂಡಲೇ ಬಲಗಡೆ ಮೂಲೆಯಲ್ಲಿ ಮಂದವಾಗಿ ಕೆಂಪು. ಸಣ್ಣ ಊದುಬತ್ತಿಯ ತುದಿ ಉರಿದ ಹಾಗೆ. ಕೋರ್ ಮೂಲೆಯ ಕೊಕ್ಕೆಗೆ ಅಂಟಿಕೊಂಡು ಬಿಗಿಯಾಗಿ ತಿರುಗಿತ್ತು, ಮುಚ್ಚಳದ ಅಂಚು ಬೇರೆ ಅದನ್ನು ಒತ್ತಿತ್ತು. ಕಿತ್ತಳೆ ಪಕ್ಕದಲ್ಲೇ ದೊಡ್ಡ ಸುತ್ತು ಹಾಕಿಕೊಂಡು ಆರಾಮಾಗಿ ಮಲಗಿತ್ತು.

ಕತ್ತರಿಸಲಿಲ್ಲ. ಸ್ಲೀವ್ ಕೂರಿಸುವ ಸಾಲಿನಲ್ಲಿ ಒಳಗಡೆ ಒಂದು ಜಾಗ ಖಾಲಿ ಇತ್ತು, ನೀಲಿಯನ್ನು ಅಲ್ಲಿಗೆ ಸರಿಸಿದೆ. ಒಂದೇ ದೊಡ್ಡ ಸುತ್ತಿನಲ್ಲಿ ಮುಗಿಯಿತು. ಮುಚ್ಚಳ ಹಾಕುವ ಮೊದಲೇ 1550ರಲ್ಲಿ ನೋಡಿದೆ, 0.06. ಹಾಕಿದ ಮೇಲೂ ನೋಡಿದೆ, ಅಷ್ಟೇ ಇದೆ. ಕೊನೆಯ ಓಣಿಯ ಮನೆಯಲ್ಲಿ ಈಗ ಮೈನಸ್ 24.6. ಅಲ್ಲಿನ ಅಜ್ಜಿ ಫೋನ್ ಮಾಡಿ, ಸೀರಿಯಲ್ ಬರ್ತಿದೆ ಕಣಪ್ಪಾ, ಇನ್ನು ಮುಟ್ಟಬೇಡ ಅಂದರು.

ಹೇಗೂ ಪೆಟ್ಟಿಗೆ ತೆಗೆದಿದ್ದೀನಲ್ಲ ಅಂತ ಖಾಲಿ ಕೋರ್‌ಗಳನ್ನೂ 1550ರಲ್ಲಿ ನೋಡಿದೆ. ಹಸಿರು 0.8 ತೋರಿಸುತ್ತಿದೆ. 1310ರಲ್ಲಿ ಏನೂ ಇಲ್ಲ. ಅಜ್ಜಿಯ ಸೀರಿಯಲ್ ಇಲ್ಲದ ಹೊತ್ತು ನೋಡಿಕೊಂಡು ಭಾನುವಾರ ಮತ್ತೆ ಹತ್ತಬೇಕು.