ಇಡೀ ವಿಶ್ವ ಬುಗುರಿಯ ಹಾಗೆ ತಿರುಗುತ್ತಿದೆಯಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬೆಂಗಳೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಮೇಷ್ಟ್ರು. ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಭೂಮಿ ತಿರುಗುತ್ತೆ, ಸೂರ್ಯ ತಿರುಗುತ್ತೆ, ಗ್ಯಾಲಕ್ಸಿನೂ ತಿರುಗುತ್ತೆ. ಹಾಗಾದ್ರೆ ಇಡೀ ವಿಶ್ವ?" ವಿಶ್ವದ ಹೊರಗೆ ಏನೂ ಇಲ್ಲ, ಹೋಲಿಸಿ ನೋಡೋಕೆ ಆಗಲ್ಲ, ಅದಕ್ಕೇ ಆ ಪ್ರಶ್ನೆಗೆ ಅರ್ಥ ಇಲ್ಲ ಅಂತ ಹೇಳಿ ಜಾರಿಕೊಂಡೆ. ಮನೆಗೆ ಬಂದ ಮೇಲೆ ನನಗೇ ಸಮಾಧಾನ ಆಗಲಿಲ್ಲ.

ಉತ್ತರ: ನಮಸ್ಕಾರ ಮೇಷ್ಟ್ರೇ. ಬೇಜಾರು ಮಾಡ್ಕೋಬೇಡಿ, ಹುಡುಗಿಯ ಪ್ರಶ್ನೆಗೆ ಅರ್ಥ ಇದೆ. ಎಡವಿದ್ದು ನೀವು.

ತಿರುಗುವುದು ಗೊತ್ತಾಗೋಕೆ ಹೊರಗೆ ನೋಡಲೇಬೇಕು ಅಂತೇನಿಲ್ಲ. ಜಾತ್ರೆಯಲ್ಲಿ ಗಿರಗಿರ ಸುತ್ತುವ ಕುದುರೆಯ ಮೇಲೆ ಕಣ್ಣು ಮುಚ್ಚಿ ಕೂತರೂ ಮೈ ಹೊರಕ್ಕೆ ಎಳೆದ ಹಾಗಾಗುತ್ತದೆ, ಅಲ್ವಾ? 1851ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಫೂಕೋ ಪ್ಯಾರಿಸ್ಸಿನ ಪ್ಯಾಂಥಿಯಾನ್ ಕಟ್ಟಡದ ಒಳಗೆ 67 ಮೀಟರ್ ತಂತಿಗೆ 28 ಕೆಜಿ ಗುಂಡು ತೂಗುಬಿಟ್ಟರು. ಗುಂಡು ಓಲಾಡುವ ದಿಕ್ಕು ಮೆಲ್ಲಗೆ ತಿರುಗುತ್ತಾ ಹೋಯಿತು. ನಿಜವಾಗಿ ತಿರುಗಿದ್ದು ಕೆಳಗಿನ ನೆಲ. ಆಕಾಶ ನೋಡದೆಯೇ ಭೂಮಿ ತಿರುಗುವುದು ಗೊತ್ತಾಯಿತು.

ಈಗ ಇದೇ ಉಪಾಯವನ್ನು ದೊಡ್ಡದು ಮಾಡಿ. ನಿಮ್ಮ ಹತ್ತಿರ ಗೈರೋಸ್ಕೋಪ್, ಅಂದರೆ ಜೋರಾಗಿ ಸುತ್ತುತ್ತಾ ತನ್ನ ಅಚ್ಚಿನ ದಿಕ್ಕು ಬದಲಿಸದ ಒಂದು ಚಕ್ರ, ಇದೆ ಅನ್ನಿ. ದೂರದ ಗ್ಯಾಲಕ್ಸಿಗಳೆಲ್ಲ ಅದರ ಎದುರು ನಿಂತಲ್ಲೇ ನಿಂತಿವೆಯಾ? ಅಥವಾ ಎಲ್ಲ ಒಟ್ಟಾಗಿ ಒಂದೇ ಕಡೆಗೆ ಸರಿಯುತ್ತಿವೆಯಾ? ಸರಿಯುತ್ತಿದ್ದರೆ ವಿಶ್ವ ತಿರುಗುತ್ತಿದೆ ಅಂತ ಅರ್ಥ. ಇದಕ್ಕೆ ನಡುವೆ ಒಂದು ಅಚ್ಚು ಬೇಕಿಲ್ಲ. ಯಾವ ಗ್ಯಾಲಕ್ಸಿಯಲ್ಲಿ ಕೂತವರಿಗೂ ತಾವೇ ನಡುವೆ ಇದ್ದ ಹಾಗೆ ಕಾಣುತ್ತದೆ.

1949ರಲ್ಲಿ ಗಣಿತಜ್ಞ ಕುರ್ಟ್ ಗೊಡೆಲ್ ಐನ್‌ಸ್ಟೈನರ ಸಮೀಕರಣಗಳಿಂದಲೇ ಇಂಥ ತಿರುಗುವ ವಿಶ್ವವೊಂದನ್ನು ಲೆಕ್ಕದಲ್ಲಿ ಕಟ್ಟಿ ತೋರಿಸಿದರು. ಐನ್‌ಸ್ಟೈನರ 70ನೇ ಹುಟ್ಟುಹಬ್ಬಕ್ಕೆ ಕೊಟ್ಟ ಉಡುಗೊರೆ ಅದು. ಆ ವಿಶ್ವದಲ್ಲಿ ಹೊರಟವರು ಸುತ್ತಿಕೊಂಡು ತಮ್ಮದೇ ನಿನ್ನೆಗೆ ವಾಪಸ್ ಬರಬಹುದು! ಆದರೆ ಅದು ಹಿಗ್ಗುವುದಿಲ್ಲ. ನಮ್ಮದು ಹಿಗ್ಗುತ್ತಿದೆ. ಹಾಗಾಗಿ ಅದು ನಮ್ಮ ವಿಶ್ವ ಅಲ್ಲ.

ನಮ್ಮದನ್ನು ಪರೀಕ್ಷೆ ಮಾಡಿದ್ದು ವಿಶ್ವದ ಅತಿ ಹಳೆಯ ಬೆಳಕಿನಿಂದ. ಎಲ್ಲ ದಿಕ್ಕಿನಿಂದಲೂ ಬರುವ ಮೈಕ್ರೋವೇವ್ ಹಿನ್ನೆಲೆ ವಿಕಿರಣ ಅದು. ವಿಶ್ವ ತಿರುಗುತ್ತಿದ್ದರೆ ಆ ಬೆಳಕು ಬರುವ ದಾರಿಯೇ ತಿರುಚಿಕೊಂಡು, ಬಿಸಿ-ತಣ್ಣನೆ ಕಲೆಗಳು ಚಕ್ಕುಲಿಯ ಹಾಗೆ ಸುರುಳಿ ಸುತ್ತಿ ಕಾಣಬೇಕು. ಈ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ನಕ್ಷೆಗಳಲ್ಲಿ ಲಂಡನ್ನಿನ ಸಂಶೋಧಕರು ಇದನ್ನು ಹುಡುಕಿದರು. ಸಿಗಲಿಲ್ಲ. 2016ರಲ್ಲಿ ಅವರು ಕೊಟ್ಟ ಮಿತಿಯ ಪ್ರಕಾರ, ವಿಶ್ವ ಅಕಸ್ಮಾತ್ ತಿರುಗುತ್ತಿದ್ದರೂ ಈಗಿನ ವೇಗದಲ್ಲಿ ಒಂದು ಸುತ್ತಿಗೆ 1ರ ಮುಂದೆ 20 ಸೊನ್ನೆ ಹಾಕಿದಷ್ಟು ವರ್ಷಕ್ಕಿಂತ ಜಾಸ್ತಿ ಬೇಕು. ವಿಶ್ವದ ವಯಸ್ಸೇ 1,380 ಕೋಟಿ ವರ್ಷ. ಹಾಗಾಗಿ ನನ್ನ ಉತ್ತರ: ತಿರುಗುತ್ತಿಲ್ಲ ಅಂತಲೇ ಇಟ್ಟುಕೊಳ್ಳಿ.

ಇನ್ನೊಬ್ಬರು: ಮೇಡಂ, ಹಾಗಾದರೆ ವೆಬ್ ಟೆಲಿಸ್ಕೋಪ್ ಸುದ್ದಿ? ಗ್ಯಾಲಕ್ಸಿಗಳು ಜಾಸ್ತಿ ಒಂದೇ ಕಡೆ ತಿರುಗುತ್ತಿವೆ, ನಾವು ಕಪ್ಪುಕುಳಿಯೊಳಗೆ ಇದ್ದೇವೆ ಅಂತ ವಾಟ್ಸಾಪಿನಲ್ಲಿ ಬಂತು.

ಉತ್ತರ: ಅದು 2025ರದು. 263 ಗ್ಯಾಲಕ್ಸಿ ಎಣಿಸಿದಾಗ 158 ಒಂದು ಕಡೆ, 105 ಇನ್ನೊಂದು ಕಡೆ. ಆಕಾಶದ ಒಂದು ಚೂರು ಜಾಗದ ಎಣಿಕೆ ಅದು. ಲೇಖನ ಬರೆದವರೇ ಇನ್ನೊಂದು ಕಾರಣವನ್ನೂ ಹೇಳಿದ್ದಾರೆ: ನಾವಿರುವ ಗ್ಯಾಲಕ್ಸಿ ತಿರುಗುವುದರಿಂದ ಒಂದು ಥರದವು ಸ್ವಲ್ಪ ಹೊಳಪಾಗಿ ಕಂಡು, ಎಣಿಕೆಗೆ ಜಾಸ್ತಿ ಸಿಕ್ಕಿರಬಹುದು. ಕಪ್ಪುಕುಳಿಯ ಮಾತು ಹೆಡ್‌ಲೈನಿಗೆ ರುಚಿ, ಅಷ್ಟೇ.

ಮಂಚದ ಮೇಲೆ ಮಲಗಿ ಫ್ಯಾನ್ ನೋಡಿ. ಕೆಳಗಿನಿಂದ ಅಪ್ರದಕ್ಷಿಣೆ ಕಂಡದ್ದು ಮೇಲಿನಿಂದ ನೋಡಿದರೆ ಪ್ರದಕ್ಷಿಣೆ. ಗ್ಯಾಲಕ್ಸಿಯೂ ಹಾಗೇ, ನೋಡುವವರು ಯಾವ ಕಡೆ ಇದ್ದಾರೆ ಅನ್ನೋದರ ಮೇಲೆ. ಇನ್ನು ನಮ್ಮ ಕಣ್ಣು! ಗ್ಯಾಲಕ್ಸಿ ಝೂ ಯೋಜನೆಯಲ್ಲಿ ಜನಸಾಮಾನ್ಯರು ಲಕ್ಷಾಂತರ ಫೋಟೋ ನೋಡಿ ವಿಂಗಡಿಸಿದರು. ಅಪ್ರದಕ್ಷಿಣೆ ಜಾಸ್ತಿ ಬಂತು. ಅನುಮಾನ ಬಂದು ಕೆಲವು ಫೋಟೋಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೊಟ್ಟರು. ಆಗಲೂ ಅಪ್ರದಕ್ಷಿಣೆಯೇ ಜಾಸ್ತಿ! ವಾಲಿದ್ದು ವಿಶ್ವ ಅಲ್ಲ, ನೋಡುವವರ ತಲೆ. (ಗೊಡೆಲ್ ಕೂಡ ಗ್ಯಾಲಕ್ಸಿ ಅಟ್ಲಾಸಿನ ಮೇಲೆ ಅಡಿಪಟ್ಟಿ ಇಟ್ಟು, ಅವು ಯಾವ ಕಡೆ ತಿರುಗುತ್ತಿವೆ ಅಂತ ಲೆಕ್ಕ ಹಾಕುತ್ತಿದ್ದರಂತೆ. ಭೌತವಿಜ್ಞಾನಿ ವೀಲರ್ ಇದನ್ನು ನೆನಪಿಸಿಕೊಂಡಿದ್ದಾರೆ.)

ಮತ್ತೊಬ್ಬರು: 50,000 ಕೋಟಿ ವರ್ಷಕ್ಕೆ ವಿಶ್ವ ಒಂದು ಸುತ್ತು ಅಂತ ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ಹೇಳಿದ್ದರಲ್ಲ?

ಉತ್ತರ: ಹೌದು, ಅದೂ 2025ರದೇ. ವಿಶ್ವ ಹಿಗ್ಗುವ ವೇಗವನ್ನು ಒಂದು ದಾರಿಯಲ್ಲಿ ಅಳೆದರೆ ಒಂದು ಉತ್ತರ, ಇನ್ನೊಂದು ದಾರಿಯಲ್ಲಿ ಬೇರೆಯೇ ಉತ್ತರ ಬರುತ್ತದೆ. ಸ್ವಲ್ಪ ತಿರುಗಿಸಿಬಿಟ್ಟರೆ ಈ ಜಗಳ ತೀರಬಹುದು ಅನ್ನೋದು ಅವರ ವಾದ. ಆದರೆ ಅದು ನ್ಯೂಟನ್ ಕಾಲದ ಗಣಿತದ ಸರಳ ಮಾದರಿ. ಅವರು ಹೇಳುವ ಸುತ್ತಿನ ವೇಗ ಪ್ಲಾಂಕ್ ಮಿತಿಗಿಂತ ಕೋಟ್ಯಂತರ ಪಟ್ಟು ಜಾಸ್ತಿ. ನನಗಂತೂ ನಂಬಿಕೆ ಇಲ್ಲ.

ಮೇಷ್ಟ್ರು: ಇಡೀ ವಿಶ್ವ ತಿರುಗದಿದ್ದರೆ ಗ್ಯಾಲಕ್ಸಿಗಳಿಗೆ ಸುತ್ತು ಎಲ್ಲಿಂದ ಬಂತು ಮೇಡಂ? ಅವಳು ಇದನ್ನೂ ಕೇಳದೆ ಬಿಡಲ್ಲ.

ಉತ್ತರ: ಹುಟ್ಟುವಾಗ ಅಕ್ಕಪಕ್ಕದ ರಾಶಿಗಳು ಒಂದನ್ನೊಂದು ಎಳೆದಾಡಿ ತಿರುವಿದವು. ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ, ಒಟ್ಟು ಕೂಡಿದರೆ ಸೊನ್ನೆ.

ಮೇಷ್ಟ್ರು: ಸರಿ ಮೇಡಂ. ಫೂಕೋ ತೂಗುಬಿಟ್ಟ ಆ ಲೋಲಕವನ್ನು ಸ್ಕೂಲಿನಲ್ಲೇ ತೋರಿಸಬಹುದಾ?

ಉತ್ತರ: ಖಂಡಿತ. ಆದರೆ ಬೆಂಗಳೂರಿನಲ್ಲಿ ಪೂರ್ತಿ ಒಂದು ಸುತ್ತಿಗೆ ಸುಮಾರು 107 ಗಂಟೆ ಬೇಕು. ಪ್ಯಾರಿಸ್ಸಿನಲ್ಲಿ 32 ಸಾಕು. ಸಮಭಾಜಕಕ್ಕೆ ಹತ್ತಿರ ಬಂದಷ್ಟೂ ನಿಧಾನ. ಗಂಟೆಗೆ ಮೂರು ಡಿಗ್ರಿ ಚಿಲ್ಲರೆ, ಅಷ್ಟನ್ನು ನೋಡಬಹುದು. ಮೆಟ್ಟಿಲ ಸಂದಿಯಲ್ಲಿ ಉದ್ದ ತಂತಿ ಕಟ್ಟಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಗುಂಡನ್ನು ಕೈಯಲ್ಲಿ ಮಾತ್ರ ಬಿಡಬೇಡಿ, ಓರೆಯಾಗುತ್ತದೆ. ನೂಲಿನಿಂದ ಪಕ್ಕಕ್ಕೆ ಎಳೆದು ಕಟ್ಟಿ, ಅಲುಗಾಟ ನಿಂತ ಮೇಲೆ ನೂಲನ್ನು ಕಡ್ಡಿ ಗೀರಿ ಸುಡಿ. ಫೂಕೋ ಕೂಡ ಹಾಗೇ ಮಾಡಿದ್ದು.